ಕಾಯಿ ಬಾಯಿಬಿಟ್ಟರೆ

ಹೋದ ಮಳೆಗಾಲದ ಒಂದು ಭಾನುವಾರ ನಾನು ಮೈಸೂರನ್ನು ಗೆದ್ದೆ. ಡೊಂಬಿವಲಿಯ ಗೆಳೆಯರ ಮನೆಯ ಊಟದ ಮೇಜಿನ ಮೇಲೆ, ಮದ್ರಾಸಿನ ಸೈನ್ಯ ಕಟ್ಟಿಕೊಂಡು ಹೋಗಿ, ದಾಳ ಉರುಳಿಸಿ ಗೆದ್ದೆ. ಖುಷಿಗೆ ಎದ್ದು ನಿಂತು ಕೂಗಿಯೂಬಿಟ್ಟೆ. ಎದುರಿಗೆ ಕೂತಿದ್ದ ಧಾರವಾಡದ ಗೆಳೆಯರು ಚಹಾದ ಕಪ್ಪು ಕೆಳಗಿಟ್ಟು ಕೇಳಿದರು: "ಅಲ್ರೀ ಸರ, ನಿಮ್ಮೂರು ಮಂಡ್ಯದ ಕಡೆ ಅಲ್ಲೇನ್ರಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ರಾತ್ರಿ ಲೋಕಲ್‌ನಲ್ಲಿ ಮನೆಗೆ ಬರುವಾಗ ಆ ಮಾತು ತಲೆಯಿಂದ ಇಳಿಯಲಿಲ್ಲ. ನಾನು ಶ್ರೀರಂಗಪಟ್ಟಣದ ಕೋಟೆಯ ಮೇಲೆ ಓಡಾಡಿ ಬೆಳೆದವನು. 1799ರ ಮೇ 4ರಂದು ಅಲ್ಲಿ ಏನಾಯಿತು, ಆಮೇಲೆ ಕೊಳ್ಳೆಯ ಪಾಲು ಹಂಚಿದ್ದು ಹೇಗೆ, ಟಿಪ್ಪುವಿನ ಮರದ ಹುಲಿ ಲಂಡನ್ನಿನ ಮ್ಯೂಸಿಯಮ್ಮಿನಲ್ಲಿ ಯಾಕಿದೆ ಎಂಬುದೆಲ್ಲ ಗೊತ್ತಿದ್ದವನು. ಹಾಗಿದ್ದೂ ಕೂಗಿದೆನಲ್ಲ!

ಆ ಆಟದ ಹೆಸರು 'ಜಾನ್ ಕಂಪನಿ'. ಈಸ್ಟ್ ಇಂಡಿಯಾ ಕಂಪನಿಗೆ ಹಿಂದೆ ಇದ್ದ ಅಡ್ಡಹೆಸರು ಅದು. ಮಾಡಿದವರು ಅಮೆರಿಕದ ಕೋಲ್ ವೆರ್ಲಿ. ಮೊದಲ ಆವೃತ್ತಿ ಬಂದದ್ದು 2017ರಲ್ಲಿ. 2021ರಲ್ಲಿ ಆಸಕ್ತರಿಂದ ಮುಂಗಡ ಹಣ ಕೂಡಿಸಿ, 2022ರಲ್ಲಿ ಎರಡನೆಯದನ್ನು ತಂದರು. ಆಡುವವರು ಒಂದೊಂದು ಇಂಗ್ಲಿಷ್ ಮನೆತನವಾಗುತ್ತಾರೆ. ಮನೆಯ ಹುಡುಗರನ್ನು ಕಂಪನಿಯ ನೌಕರಿಗೆ ಹಚ್ಚಬೇಕು, ಮುಂಬಯಿ, ಮದ್ರಾಸು, ಬಂಗಾಳ ಪ್ರೆಸಿಡೆನ್ಸಿಗಳ ಕುರ್ಚಿ ಹಿಡಿಸಬೇಕು, ದುಡ್ಡು ಮಾಡಿ ನಿವೃತ್ತರಾಗಿ ಊರಿಗೆ ಹೋಗಿ ದೊಡ್ಡ ಮನುಷ್ಯರೆನಿಸಿಕೊಳ್ಳಬೇಕು. ಕಂಪನಿ ಮುಳುಗಿದರೂ ನಿಮ್ಮ ಮನೆತನ ಗೆಲ್ಲಬಹುದು. ಚರಿತ್ರೆಯ ಪಾಠದಲ್ಲಿ 'ಕಂಪನಿ ಮಾಡಿತು' ಎಂದು ಓದಿಕೊಂಡು ಬಂದ ನನಗೆ, ಮಾಡಿದ್ದು ಕಂಪನಿಯಲ್ಲ, ಮಗನಿಗೊಂದು ಒಳ್ಳೆಯ ಕೆಲಸ ಸಿಗಲಿ ಎಂದು ಓಡಾಡುತ್ತಿದ್ದ ನಮ್ಮನಿಮ್ಮಂಥ ಸಂಸಾರಸ್ಥರು ಎಂಬುದು ಹೊಳೆದದ್ದು ಈ ಆಟದಿಂದಲೇ.

ಈಗ ಇದನ್ನೆಲ್ಲ ಬರೆಯುವುದಕ್ಕೆ ಕಾರಣ, ಪಟ್ಟಿಯ ಕಾಲ ಬಂದಿರುವುದು. ಬೋರ್ಡ್ ಗೇಮ್ ಹುಚ್ಚಿರುವವರಿಗೆ ಅಕ್ಟೋಬರ್ ಎಂದರೆ ದಸರೆ ಮಾತ್ರವಲ್ಲ, ಜರ್ಮನಿಯ ಎಸೆನ್ ಊರಿನ ಜಾತ್ರೆಯೂ ಹೌದು. 'ಷ್ಪೀಲ್' ಎಂದು ಹೆಸರು, ಅಂದರೆ ಆಟ, ಅಷ್ಟೆ. 1983ರಿಂದ ನಡೆಯುತ್ತಿದೆ. 2024ರಲ್ಲಿ ನಾಲ್ಕು ದಿನದಲ್ಲಿ ಎರಡು ಲಕ್ಷ ಮೀರಿ ಜನ ಸೇರಿದ್ದರು. ಅಮೆರಿಕದಲ್ಲಿ ಇದಕ್ಕೂ ಹಳೆಯದು ಜೆನ್ ಕಾನ್. 1968ರಲ್ಲಿ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿ ಈಗ ಇಂಡಿಯಾನಾಪೊಲಿಸ್‌ನಲ್ಲಿ ನೆಲೆನಿಂತಿದೆ. ಜಾತ್ರೆಗೆ ಮೊದಲೇ 'ಬೋರ್ಡ್‌ಗೇಮ್‌ಗೀಕ್'ನವರು ಅಲ್ಲಿ ಬರಲಿರುವ ನೂರಾರು ಆಟಗಳ ಪಟ್ಟಿ ಹೊರಡಿಸುತ್ತಾರೆ. ಒಂದೊಂದಕ್ಕೂ ಒಂದು ಪೆಟ್ಟಿಗೆಯ ಚಿತ್ರ, ಎರಡು ಮೂರು ಪ್ಯಾರಾ ವಿವರಣೆ. ಪಕ್ಕದಲ್ಲಿ ನಾವು ಗುರುತು ಹಾಕಬೇಕು: ಬೇಕೇ ಬೇಕು, ಆಸಕ್ತಿ ಇದೆ, ಇನ್ನೂ ಗೊತ್ತಿಲ್ಲ, ಬೇಡ. ಎಸೆನ್‌ಗೆ ಹೋಗುವ ಯೋಗ ನಮ್ಮ ಗುಂಪಿನ ಯಾರಿಗೂ ಇಲ್ಲ. ಆದರೂ ಊಟದ ಬಿಡುವಿನಲ್ಲಿ ಫೋನು ಹಿಡಿದು ಗುರುತು ಹಾಕುತ್ತಲೇ ಇರುತ್ತೇವೆ. ಮದುವೆಗೆ ಹೋಗದವರೂ ಸೀರೆ ನೋಡುವುದಿಲ್ಲವೆ, ಹಾಗೆ.

ಆಡದ ಆಟವನ್ನು, ಎಷ್ಟೋ ಸಲ ಇನ್ನೂ ಅಚ್ಚೇ ಆಗದ ಆಟವನ್ನು, ಬೇಕು ಎನ್ನುತ್ತೇವೆ. ನಾವು ಆಗ ಬೇಕು ಎನ್ನುತ್ತಿರುವುದು ನಿಜವಾಗಿ ಏನನ್ನು? ನಿಯಮಗಳನ್ನಂತೂ ಅಲ್ಲ, ಅವನ್ನು ಓದಿರುವುದೇ ಇಲ್ಲ. ನಾವು ಬಯಸುವುದು ಒಂದು ವೇಷವನ್ನು. ಇದರಲ್ಲಿ ನಾನು ವ್ಯಾಪಾರಿ, ಅದರಲ್ಲಿ ದಳವಾಯಿ, ಇನ್ನೊಂದರಲ್ಲಿ ದ್ವೀಪವೊಂದಕ್ಕೆ ಬಂದಿಳಿದವನು. ಹಾಗಿದ್ದರೆ ಯಾವ ವೇಷವನ್ನಾದರೂ ಬಯಸಬಹುದೆ? ಆಟ ತಾನೆ ಎಂದು ಬಿಟ್ಟುಬಿಡಬಹುದೆ?

2019ರಲ್ಲಿ ಅಮೆರಿಕದ ಜಿಎಂಟಿ ಗೇಮ್ಸ್ ಎಂಬ ಪ್ರಕಾಶಕರು ಇದಕ್ಕೆ ಸಿಕ್ಕಿಕೊಂಡರು. ಅವರಲ್ಲಿ ಒಂದು ಪದ್ಧತಿ ಇದೆ. ಮುಂದೆ ಬರುವ ಆಟದ ವಿವರಣೆ ಪ್ರಕಟಿಸಿ, ಐನೂರರಷ್ಟು ಮುಂಗಡ ಬೇಡಿಕೆ ಬಂದ ಮೇಲೆ ಅಚ್ಚಿನ ಮಾತು. ಆ ಪಟ್ಟಿಯಲ್ಲಿ 'ಸ್ಕ್ರ್ಯಾಂಬಲ್ ಫಾರ್ ಆಫ್ರಿಕಾ' ಎಂಬ ಆಟ ಬಂತು. ಯುರೋಪಿನ ದೇಶಗಳಾಗಿ ಆಫ್ರಿಕಾವನ್ನು ಹಂಚಿಕೊಳ್ಳುವ ಹಗುರ ಆಟ. ಜನ ಆಕ್ಷೇಪಿಸಿದರು, ಪ್ರಕಾಶಕರು ಹಿಂತೆಗೆದುಕೊಂಡರು. ಆಗ ಎದ್ದ ಇನ್ನೊಂದು ಕೂಗು, ಆಡಿಯೇ ನೋಡದೆ ಬೇಡ ಎನ್ನುವುದು ಯಾವ ನ್ಯಾಯ ಎಂದು. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು, ಪುಸ್ತಕ ಓದದೆ ಸುಡುವವರ ನೆನಪಾಗಿ. ಈಗ ಹಾಗನ್ನಿಸುವುದಿಲ್ಲ. ಆ ಪಟ್ಟಿ ಇರುವುದೇ ಆಡದವರಿಂದ ಬೇಕು ಎನಿಸಿಕೊಳ್ಳಲಿಕ್ಕೆ. ಬೇಕು ಎನ್ನಲು ನಾಲ್ಕು ಪ್ಯಾರಾ ಸಾಕಾದರೆ, ಬೇಡ ಎನ್ನಲೂ ಅಷ್ಟೇ ಸಾಕಾಗಬೇಕು.

ತೊಡಕಿರುವುದು ಬೇರೆ ಕಡೆ. ಪಟ್ಟಿಯ ನಾಲ್ಕು ಪ್ಯಾರಾದಲ್ಲಿ 'ಜಾನ್ ಕಂಪನಿ'ಯನ್ನು ವಿವರಿಸಿದರೆ ಅದೂ ಹೀಗೇ ಕೇಳಿಸುತ್ತದೆ. ಕಂಪನಿಯಾಗಿ ಹಿಂದೂಸ್ಥಾನ ಕೊಳ್ಳೆಹೊಡೆಯಿರಿ! ವಿಷಯವನ್ನಷ್ಟೇ ನೋಡಿ ಬೇಡ ಎಂದಿದ್ದರೆ ಇದನ್ನೂ ಬಿಟ್ಟಿರುತ್ತಿದ್ದೆ.

ಕೆಟ್ಟವನ ವೇಷ ಹಾಕುವುದು ಕೆಟ್ಟದ್ದಲ್ಲ. ಕಳ್ಳ ಪೊಲೀಸ್ ಆಡದ ಮಕ್ಕಳಿಲ್ಲ. ಆದರೆ ಆ ಆಟದಲ್ಲಿ ಕಳ್ಳನಿಗೆ ಕಳ್ಳ ಎಂದೇ ಹೆಸರು. 2002ರಲ್ಲಿ ಬಂದ 'ಪೋರ್ಟೊ ರಿಕೊ' ಎಂಬ ಜರ್ಮನ್ ಆಟ ವರ್ಷಗಟ್ಟಲೆ ಜಗತ್ತಿನ ಅತ್ಯುತ್ತಮ ಆಟ ಎನಿಸಿಕೊಂಡಿತ್ತು. ಕಬ್ಬು, ನೀಲಿ, ಹೊಗೆಸೊಪ್ಪು, ಕಾಫಿ ಬೆಳೆದು ಹಡಗಿಗೆ ತುಂಬುವ ಆಟ. ತೋಟದಲ್ಲಿ ದುಡಿಯಲು ಹಡಗಿನಲ್ಲಿ ಬಂದಿಳಿಯುವವು ಸಣ್ಣ ಕಂದುಬಣ್ಣದ ಮರದ ಬಿಲ್ಲೆಗಳು. ನಿಯಮಗಳಲ್ಲಿ ಅವುಗಳ ಹೆಸರು 'ವಲಸಿಗರು'. ಕಬ್ಬಿನ ತೋಟಕ್ಕೆ ಹಡಗಿನಲ್ಲಿ ಬಂದ ಕಂದುಬಣ್ಣದವರು ಯಾರು ಎಂದು ಗೊತ್ತಿಲ್ಲದವರಿಲ್ಲ. ಅವರನ್ನು ತಂದು ಹಂಚುವ ಪಾತ್ರಕ್ಕೆ ಮೇಯರ್ ಎಂದು ಹೆಸರಿಟ್ಟಿದ್ದಾರೆ! ನಾನು ಅದನ್ನು ಐವತ್ತು ಸಲವಾದರೂ ಆಡಿದ್ದೇನೆ. ಆ ಬಿಲ್ಲೆಗಳನ್ನು ಬೆರಳಲ್ಲಿ ಹಿಡಿದು, ಇದನ್ನು ಕಾಫಿಗೆ ಹಾಕಲೋ ಹೊಗೆಸೊಪ್ಪಿಗೆ ಹಾಕಲೋ ಎಂದು ಯೋಚಿಸಿದ್ದೇನೆ. ಅವು ಮನುಷ್ಯರೆಂದು ಒಮ್ಮೆಯೂ ಅನ್ನಿಸಲಿಲ್ಲ. ಹಾಗೆ ಅನ್ನಿಸದಂತೆಯೇ ಆ ಆಟ ಕಟ್ಟಿದೆ. ಜಾಣ ಆಟ, ಅದಕ್ಕೇ ನನಗೆ ಅದರ ಮೇಲೆ ಹೆಚ್ಚು ಸಿಟ್ಟು.

ನಮ್ಮ ಆಡು ಹುಲಿ ಆಟ ನೆನೆಸಿಕೊಳ್ಳಿ, ದೇವಸ್ಥಾನದ ಜಗಲಿಕಲ್ಲಿನ ಮೇಲೆ ಗೀಚಿರುತ್ತಿದ್ದದ್ದು. ಹುಲಿ ಹಾರಿ ಹಾರಿ ಆಡನ್ನು ತಿನ್ನುತ್ತದೆ. ಆದರೆ ಆಡುಗಳ ಕಡೆಗೂ ಒಬ್ಬರು ಕೂತಿರುತ್ತಾರೆ. ಒಂದು ಆಡು ಹೋದಾಗ ಎದುರಿಗಿದ್ದವರ ಮುಖ ಬಾಡುವುದು ಕಾಣುತ್ತದೆ, ಕೊನೆಗೆ ಅವರೇ ಹುಲಿಯನ್ನು ಕಟ್ಟಿಹಾಕಿದರೂ ಹಾಕಿದರೇ. ಚದುರಂಗದ ಯುದ್ಧದಲ್ಲೂ ಎರಡೂ ಕಡೆ ಕೈಗಳಿವೆ. ಪೋರ್ಟೊ ರಿಕೊದಲ್ಲಿ ಬಿಲ್ಲೆಗಳ ಕಡೆ ಯಾರೂ ಕೂತಿಲ್ಲ.

ಇಲ್ಲಿಗೆ ಬಂದಾಗಲೆಲ್ಲ ನನಗೆ ನೆನಪಾಗುವುದು ಹಸ್ತಿನಾವತಿಯ ಸಭೆ. ಪಗಡೆಯ ಆ ದಿನವನ್ನು ನಾವು ಜೂಜಿನ ಕೆಡುಕಿನ ಕಥೆಯೆಂದು ಮಕ್ಕಳಿಗೆ ಹೇಳುತ್ತೇವೆ. ಅಷ್ಟೇ ಆಗಿದ್ದರೆ ಧರ್ಮರಾಯ ರಾಜ್ಯ ಸೋತಲ್ಲಿಗೇ ಕಥೆ ಮುಗಿಯಬಹುದಿತ್ತು. ಅಲ್ಲಿ ನಡೆದದ್ದು ಬೇರೆ. ಪಣಕ್ಕಿಟ್ಟ ವಸ್ತು ಬಾಯಿಬಿಟ್ಟಿತು. ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಹಕ್ಕೆಲ್ಲಿತ್ತು ಎಂದು ದ್ರೌಪದಿ ಕೇಳಿದಳು. ಅದು ಆಟದ ನಿಯಮದ ಬಗ್ಗೆಯೇ ಕೇಳಿದ ಪ್ರಶ್ನೆ. ನಿಯಮ ಬಲ್ಲ ಹಿರಿಯರೆಲ್ಲ ಅಲ್ಲೇ ಇದ್ದರು, ಭೀಷ್ಮನಿಂದಲೂ ಬಿಡಿಸಿ ಹೇಳಲಾಗಲಿಲ್ಲ. ಕಾಯಿ ಮಾತಾಡಿದೊಡನೆ ಅಲ್ಲಿ ಆಟವೆಂಬುದೇ ಉಳಿಯಲಿಲ್ಲ.

ಪ್ರಕಾಶಕರಿಗೂ ಇದು ಅರ್ಥವಾಗುತ್ತಿರುವಂತಿದೆ, ಅರ್ಧಂಬರ್ಧವಾಗಿ. 2014ರ 'ಫೈವ್ ಟ್ರೈಬ್ಸ್' ಆಟದಲ್ಲಿ ಗುಲಾಮರ ಕಾರ್ಡುಗಳಿದ್ದವು. ಮುಂದಿನ ಮುದ್ರಣಗಳಲ್ಲಿ ಅವೇ ಫಕೀರರಾದವು. 2015ರ 'ಮೊಂಬಾಸಾ' ಆಫ್ರಿಕಾದಲ್ಲಿ ಕಂಪನಿ ಬೆಳೆಸುವ ಆಟವಾಗಿತ್ತು. 2022ರಲ್ಲಿ ಅದರ ನಿಯಮಗಳನ್ನು ಬಹುಪಾಲು ಹಾಗೇ ಇಟ್ಟುಕೊಂಡು 'ಸ್ಕೈಮೈನ್ಸ್' ಎಂಬ ಹೆಸರಲ್ಲಿ ಚಂದ್ರನಿಗೆ ಸಾಗಿಸಿದರು. ಚಂದ್ರನಲ್ಲಿ ಕೇಳುವವರಿಲ್ಲ. ಮನೆಗೆ ಸುಣ್ಣ ಬಳಿದಂತಾಯಿತು, ಅದೂ ಬೇಕೇ ಅನ್ನಿ. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು 2022ರಲ್ಲೇ ಬಂದ 'ಪೋರ್ಟೊ ರಿಕೊ 1897'. ಆ ದ್ವೀಪದಲ್ಲಿ ಗುಲಾಮಗಿರಿ ಹೋದದ್ದು 1873ರಲ್ಲಿ. ಕಾಲವನ್ನು ಅದರಾಚೆಗೆ ತಂದು, ಆಡುವವರನ್ನು ಅಲ್ಲಿಯದೇ ಬೆಳೆಗಾರರನ್ನಾಗಿ ಮಾಡಿದರು. ಬಿಲ್ಲೆ ಬಿಲ್ಲೆಯೇ, ಆದರೆ ಈಗ ಅದು ಕೂಲಿ ಪಡೆಯುವ ಆಳು. 2017ರ 'ಸ್ಪಿರಿಟ್ ಐಲೆಂಡ್' ಪೂರಾ ಮಗುಚಿಹಾಕಿತ್ತು. ಅಲ್ಲಿ ನಾವು ದ್ವೀಪದ ದೈವಗಳು, ಹಡಗಿನಲ್ಲಿ ಬಂದಿಳಿದವರನ್ನು ಓಡಿಸುವುದು ನಮ್ಮ ಕೆಲಸ. ತುಳುನಾಡಿನ ಗೆಳತಿಯೊಬ್ಬಳು ಅದನ್ನು ಆಡಿ, "ಇದು ನಮ್ಮೂರಿನದೇ ಮಾರಾಯ್ರೆ" ಎಂದಳು.

ಇನ್ನು 'ಜಾನ್ ಕಂಪನಿ'. ಅದನ್ನು ಹೊಗಳಿದೆ, ಆದರೆ ಪ್ರಾಮಾಣಿಕವಾಗಿ ಹೇಳಬೇಕಾದರೆ ಅದರಲ್ಲೂ ಮೈಸೂರಿನ ಕಡೆ ಕೂರಲು ಕುರ್ಚಿಯಿಲ್ಲ. ಹೈದರಾಬಾದು, ಮರಾಠರು, ಮೈಸೂರು ಎಲ್ಲ ನಕ್ಷೆಯಲ್ಲಿವೆ, ಒಂದರ ಮೇಲೊಂದು ಏರಿ ಹೋಗುತ್ತವೆ, ಕಂಪನಿಯ ಮೇಲೆ ತಿರುಗಿ ಬೀಳುತ್ತವೆ. ಆದರೆ ಅವನ್ನು ನಡೆಸುವುದು ಕಾರ್ಡಿನ ಕಟ್ಟು. ಮಳೆ ಬಂದ ಹಾಗೆ ದಂಗೆ ಬರುತ್ತದೆ. ಆ ಮನೆತನಗಳಿಗೆ ನಾವು ಕಂಡದ್ದು ಹಾಗೆಯೇ, ಅದಕ್ಕೇ ಹೀಗೆ ಕಟ್ಟಿದ್ದಾರೆ ಎಂದು ಸಮರ್ಥಿಸಬಹುದು. ನಾನು ಬಹಳ ದಿನ ಹಾಗೆಯೇ ಸಮರ್ಥಿಸಿದ್ದೆ. ಆದರೆ ಆ ಭಾನುವಾರ ನನ್ನ ಕೂಗಿಗೆ ಮೇಜಿನ ಮೇಲಿದ್ದ ಮೈಸೂರು ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟವರು ಧಾರವಾಡದವರು. ಅವರು ಆ ದಿನ ಬಾರದಿದ್ದರೆ? ಅದೇ ಆಟವನ್ನು ಮಂಡ್ಯವೂ ಗೊತ್ತಿಲ್ಲದ, ಧಾರವಾಡವೂ ಗೊತ್ತಿಲ್ಲದ ನಾಲ್ವರು ಎಲ್ಲೋ ಕೂತು ಆಡುತ್ತಿರುವಾಗ ಯಾರು ಕೇಳುತ್ತಾರೆ?

ಪೆಟ್ಟಿಗೆಯಲ್ಲಿ ಅದನ್ನು ತುಂಬಿ ಕಳಿಸಲು ಬರುವುದಿಲ್ಲವೇನೋ. ಬರಬಹುದೋ ಏನೋ, ಯಾರಾದರೂ ಮಾಡಿಯಾರು.

ಈ ವರ್ಷದ ಪಟ್ಟಿಯಲ್ಲಿ ನನ್ನ 'ಬೇಕೇ ಬೇಕು' ಗುರುತುಗಳು ಕಡಿಮೆಯಾಗಿವೆ, 'ಇನ್ನೂ ಗೊತ್ತಿಲ್ಲ' ಹೆಚ್ಚಾಗಿವೆ. ವಿವರಣೆ ಓದುವಾಗ ನನ್ನ ಪಾತ್ರ ಯಾವುದೆಂದು ನೋಡಿದ ಮೇಲೆ, ಚಿತ್ರದಲ್ಲಿ ಆ ಸಣ್ಣ ಮರದ ತುಂಡುಗಳು ಯಾರಿಗೆ ನಿಂತಿವೆ ಎಂದು ಹುಡುಕುತ್ತೇನೆ. ಹೆಚ್ಚಿನವು ಗೋಧಿ, ಇಟ್ಟಿಗೆ, ಕುರಿ. ಕೆಲವು ಅಲ್ಲ.

ಅಟ್ಟದ ಮೇಲೆ ಹಳೆಯ 'ಪೋರ್ಟೊ ರಿಕೊ' ಇದೆ. ಆಫೀಸಿನ ಹೊಸ ಹುಡುಗನೊಬ್ಬ ಕೊಂಡುಕೊಳ್ಳುತ್ತೇನೆ, ಎಷ್ಟಕ್ಕೆ ಕೊಡ್ತೀರಿ ಸಾರ್ ಎಂದು ಎರಡು ಸಲ ಕೇಳಿದ್ದಾನೆ. ಬೆಲೆ ಹೇಳಿಲ್ಲ. ಮುಂದಿನ ಭಾನುವಾರ ಡೊಂಬಿವಲಿಗೆ ಬಾ, ಒಂದು ಸಲ ಕೂತು ಆಡೋಣ ಎಂದಿದ್ದೇನೆ. ಧಾರವಾಡದವರಿಗೂ ಫೋನು ಮಾಡಿ ಹೇಳಿದ್ದೇನೆ.