ಪ್ರತಿವಿಷವೂ ಹೊಣೆಯೂ

ವಿಷಕ್ಕೆ ಪ್ರತಿವಿಷವು ದೊರೆತ ಮಾತ್ರಕ್ಕೆ ವಿಷವನ್ನು ಬಳಸುವವನ ಹೊಣೆಯು ಕಡಮೆಯಾಗುವುದೇ? ಈ ಪ್ರಶ್ನೆಯು ನಮ್ಮ ಹೊಲದ ಬದುವಿನಲ್ಲಿಯೇ ಹುಟ್ಟಿದೆ. ಹೊನ್ನಾಳಿ ನ್ಯಾಮತಿಗಳ ಬತ್ತ ಮೆಕ್ಕೆಜೋಳಗಳಿಗೂ ಚನ್ನಗಿರಿಯ ಅಡಕೆಯ ತೋಟಗಳಿಗೂ ಜಗಳೂರಿನ ಬೆದ್ದಲುಗಳಿಗೂ ಇಂದು ರಾಸಾಯನಿಕ ವಿಷಗಳ ಬಳಕೆಯುಂಟು. ಮಳೆ ಬಿದ್ದೊಡನೆ ಅದೇ ಬದುಗಳಲ್ಲಿ ನೆಲನೆಲ್ಲಿಯೂ ಗರುಗವೂ ತಾವಾಗಿ ಚಿಗುರುತ್ತವೆ. ನೆಲನೆಲ್ಲಿಯನ್ನು ಅರೆದು ಕಾಮಾಲೆಗೆ ಕೊಡುವುದು ಬಹುಕಾಲದ ರೂಢಿ.

ಇಂತಹ ಮೂಲಿಕೆಗಳನ್ನು ಪ್ರಯೋಗಶಾಲೆಯೂ ಪರೀಕ್ಷಿಸಿದೆ. ಇಲಿಗೆ ಕಾರ್ಬನ್ ಟೆಟ್ರಾಕ್ಲೋರೈಡನ್ನು ಕೊಟ್ಟರೆ ಅದು ಯಕೃತ್ತಿನಲ್ಲಿ ಮಾರ್ಪಟ್ಟು ಜೀವಕೋಶಗಳನ್ನು ಕೆಡಿಸುತ್ತದೆ. ಒಳಗಿರಬೇಕಾದ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಫೀನೈಲ್ ಹೈಡ್ರಜೀನು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಸಸ್ಯಸಾರವನ್ನುಂಡ ಇಲಿಗಳಲ್ಲಿ ಇಂತಹ ಹಾನಿಯು ಕಡಮೆಯಾದುದನ್ನು ಅನೇಕ ಪ್ರಯೋಗಗಳು ತೋರಿಸಿವೆ.

ಪೂರ್ವಪಕ್ಷಿಯು ಕೇಳಬಹುದು: ಕವಚವಿರುವಾಗ ಬಾಣಕ್ಕೆ ಅಂಜುವುದೇಕೆ? 2018ರಲ್ಲಿ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊದಲು ನೆರೆಯ ಶಿವಮೊಗ್ಗದಲ್ಲಿಯೇ ಕಂಡು ಮೆಕ್ಕೆಜೋಳವನ್ನು ತಿಂದಾಗ, ರೈತನು ಕೈಕಟ್ಟಿ ಕೂಡಬೇಕಾಗಿತ್ತೇ?

ಕೂಡಬೇಕಾಗಿರಲಿಲ್ಲ. ಆದರೆ ಆ ಕವಚವೆಂತಹುದೆಂಬುದನ್ನು ವಿಚಾರಿಸಬೇಕು. ಇಂತಹ ಹಲವು ಪ್ರಯೋಗಗಳಲ್ಲಿ ಸಾರವನ್ನು ಕೊಡುವುದು ವಿಷಕ್ಕೆ ಮುಂಚೆ, ಅಥವಾ ಅದರೊಡನೆ. ಅದು ರಕ್ಷೆಯೇ ಹೊರತು ಚಿಕಿತ್ಸೆಯಲ್ಲ; ಇಲಿಯಲ್ಲಿ ಕಂಡುದು ಮನುಷ್ಯನಲ್ಲಿ ಸಿದ್ಧವಾದುದೂ ಅಲ್ಲ. ಸಿಂಪಡಿಸುವಾಗ ವಿಷವೇರಿ ಬಿದ್ದವನನ್ನು ಕೂಡಲೇ ಆಸ್ಪತ್ರೆಗೆ ಒಯ್ಯದೆ ಸೊಪ್ಪನ್ನು ಅರೆಯುತ್ತ ಕುಳಿತರೆ ಪ್ರಾಣವೇ ಹೋದೀತು. ಮೂಲಿಕೆಯೆಂದಮಾತ್ರಕ್ಕೆ ನಿರಪಾಯವೆನ್ನುವುದೂ ಸಲ್ಲದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ಸೇವಿಸಿದ ಆರು ಮಂದಿಯ ಯಕೃತ್ತು ಕೆಟ್ಟುದನ್ನು ಮುಂಬಯಿಯ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯವು ಆ ನಿರ್ಣಯವನ್ನು ಒಪ್ಪಲಿಲ್ಲ. ವಿವಾದವಿರುವೆಡೆಯಲ್ಲಿ ಎಚ್ಚರಿಕೆಯೇ ವಿವೇಕ.

ಮುಖ್ಯವಾದ ಮಾತು ಬೇರೆಯದು. ಕೆಸರನ್ನು ತುಳಿದು ಕಾಲು ತೊಳೆಯುವುದಕ್ಕಿಂತ ತುಳಿಯದಿರುವುದೇ ಲೇಸೆಂದು ಪಂಕಪ್ರಕ್ಷಾಲನ ನ್ಯಾಯವು ಹೇಳುತ್ತದೆ. ಅಲ್ಲಿ ತುಳಿಯುವವನೂ ತೊಳೆದುಕೊಳ್ಳುವವನೂ ಒಬ್ಬನೇ. ವಿಷದ ವಿಷಯದಲ್ಲಿ ಹಾಗಿಲ್ಲ. ಬೆಳೆಯ ಲಾಭವು ಒಡೆಯನಿಗೆ, ಸಿಂಪಡಿಸುವ ಡಬ್ಬಿಯು ಕೂಲಿಯವನ ಬೆನ್ನಿಗೆ. ಕಾಸರಗೋಡಿನ ಗೇರುತೋಟಗಳ ಮೇಲೆ ಎಂಡೋಸಲ್ಫಾನನ್ನು 2000ದವರೆಗೆ ಎರಡು ದಶಕಗಳಿಗೂ ಮಿಕ್ಕು ಆಕಾಶದಿಂದ ಸುರಿಸಲಾಯಿತು. ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶಾದ್ಯಂತ ತಡೆದುದು 2011ರಲ್ಲಿ. ಫಲವನ್ನುಂಡವರು ಬೇರೆ, ನೋವನ್ನುಂಡವರು ಬೇರೆ. ಅನ್ಯರ ಕಾಲಿಗೆ ಕೆಸರನ್ನು ಮೆತ್ತಿ, ಊರಿನಲ್ಲಿ ನೀರಿದೆಯೆಂದು ಸಮಾಧಾನ ಹೇಳುವುದು ಧರ್ಮವಾದೀತೇ?

ಆದುದರಿಂದ ಪ್ರತಿವಿಷದ ಅರಿವು ನಮ್ಮ ಹೊಣೆಯನ್ನು ಇಳಿಸದು, ಏರಿಸುತ್ತದೆ. ಅನಿವಾರ್ಯವಲ್ಲದ ಕಡೆ ವಿಷವನ್ನು ಬಿಡುವುದು, ಅನಿವಾರ್ಯವಾದೆಡೆ ಮಿತವಾಗಿ ಬಳಸುವುದು, ಆಳಿನ ಕೈಗವಸು ಮುಖವಸ್ತ್ರಗಳಿಗೆ ಒಡೆಯನೇ ಹಣ ತೆರುವುದು—ಇವು ಮೊದಲನೆಯ ಔಷಧಗಳು. ನೆಲನೆಲ್ಲಿಯ ಸರದಿ ಇವುಗಳ ತರುವಾಯ.