ಅಪಾಯದ ಅಂಗೀಕಾರವೂ ದೋಷದ ಹೊಣೆಯೂ

ಟಿ. ದಾಸರಹಳ್ಳಿಯಲ್ಲಿ ತುಮಕೂರು ಹೆದ್ದಾರಿಯ ಬದಿಗೆ ನಿಂತಿದ್ದಾಗ, ಮುಂದಿನ ಚಕ್ರವನ್ನೆತ್ತಿ ಸ್ಕೂಟರ್ ಓಡಿಸುತ್ತ ಬಂದ ತರುಣನೊಬ್ಬನು ನನ್ನನ್ನು ಕಂಡು ನಿಂತನು. ಹಿಂದೆ ನನ್ನಲ್ಲಿ ಓದಿದವನು. ಗದರಿಸಿದೆನು. "ಬಿದ್ದರೆ ಒಡೆಯುವುದು ನನ್ನ ತಲೆ ತಾನೇ, ಗುರುಗಳೇ? ಅದಕ್ಕೆ ನಾನು ಒಪ್ಪಿದ್ದೇನೆ" ಎಂದನು. ಆಗ ತಕ್ಕ ಉತ್ತರ ಹೊಳೆಯಲಿಲ್ಲ. ಅನಂತರ ವಿಚಾರಿಸಿದುದನ್ನು ಭಕ್ತಬಂಧುಗಳ ಮುಂದಿಡುತ್ತೇನೆ.

ಅಪಾಯವನ್ನು ಅಂಗೀಕರಿಸುವುದು ತಾನಾಗಿ ದೋಷವಲ್ಲ. ಬಾವಿ ತೋಡುವವನೂ, ಪೀಣ್ಯದ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಲ್ಲುವವನೂ ಅಪಾಯವನ್ನರಿತೇ ಕಾಯಕ ಮಾಡುತ್ತಾರೆ. ಮೋಟಾರು ಪಂದ್ಯದವನು ತನ್ನ ಕೌಶಲವನ್ನು ಅದಕ್ಕೆಂದೇ ಕಟ್ಟಿದ ಪಥದಲ್ಲಿ ತೋರಿದರೆ ನಿಂದಿಸಲು ಕಾರಣವಿಲ್ಲ. ಆದರೆ ಅವನ ಒಪ್ಪಿಗೆಯು ಯಾರ ಯಾರ ಹೊಣೆಯನ್ನು ತೊಡೆಯಬಲ್ಲುದು?

1994ರ ಮೇ 1ರಂದು ಇಟಲಿಯ ಇಮೋಲಾದ ಪಂದ್ಯದಲ್ಲಿ ಬ್ರೆಜಿಲ್ ದೇಶದ ಐರ್ಟನ್ ಸೆನ್ನಾ ಮಡಿದನು. ವೇಗದ ಅಪಾಯವನ್ನು ಅವನಷ್ಟು ಬಲ್ಲವರು ವಿರಳ. ಆದರೂ 2007ರಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಾಲಯವು, ಕಾರಿನ ಸ್ಟೀರಿಂಗ್ ಕಂಬವನ್ನು ಕೆಟ್ಟದಾಗಿ ಮಾರ್ಪಡಿಸಿದುದೇ ಕಾರಣವೆಂದೂ, ತಂಡದ ತಾಂತ್ರಿಕ ಮುಖ್ಯಸ್ಥ ಪ್ಯಾಟ್ರಿಕ್ ಹೆಡ್ ಅದಕ್ಕೆ ಹೊಣೆಯೆಂದೂ ಹೇಳಿತು. ಕಾಲಾವಧಿ ಮೀರಿದ್ದರಿಂದ ಶಿಕ್ಷೆಯಾಗಲಿಲ್ಲ. ಸೆನ್ನಾ ಒಪ್ಪಿದ್ದು ವೇಗವನ್ನು, ಪರರ ಅಜಾಗರೂಕತೆಯನ್ನಲ್ಲ.

ಇನ್ನೊಂದು ಪ್ರಸಂಗವು ನಮ್ಮ ಎದೆಗೆ ಹತ್ತಿರವಾದುದು. 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಪಂದ್ಯಪಥದಲ್ಲಿ, ರಾಷ್ಟ್ರೀಯ ಮೋಟಾರ್ ಸೈಕಲ್ ಪಂದ್ಯದ ಮಧ್ಯೆ ಬೆಂಗಳೂರಿನ 13 ವರ್ಷದ ಬಾಲಕನು ಬಿದ್ದು ಪ್ರಾಣಬಿಟ್ಟನು. ಅವನ ಪ್ರತಿಭೆ ದೊಡ್ಡದು. ಆದರೂ ಬಾಲಕನ ಒಪ್ಪಿಗೆಯನ್ನು ಪ್ರೌಢನ ಒಪ್ಪಿಗೆಯೊಡನೆ ತೂಗಲಾಗದು. ಅರಿವು ಮಾಗದೆಡೆಯಲ್ಲಿ ಭಾರವು ಹಿರಿಯರದು: ವಯಸ್ಸಿನ ಮಿತಿಯನ್ನು ಗೊತ್ತುಮಾಡುವವರದು, ಪಂದ್ಯ ನಡೆಸುವವರದು, ಚಪ್ಪಾಳೆ ತಟ್ಟುವ ನಮ್ಮದು. ಪುತ್ರಶೋಕದಲ್ಲಿ ಬೆಂದವರನ್ನು ದೂಷಿಸುವ ಮಾತು ಇದಲ್ಲ. ಹೊಣೆ ಬೇರೆ, ನಿಂದೆ ಬೇರೆ. ಹೊಣೆಯು ಮುಂದಿನ ಮಗುವನ್ನು ಉಳಿಸುವುದು. ನಿಂದೆಯು ಹೋದವನನ್ನು ಮರಳಿ ತಾರದು.

ಹೆದ್ದಾರಿಯ ಸಂಗತಿ ಇವೆರಡಕ್ಕಿಂತಲೂ ಕೀಳು. ಗಾರ್ಮೆಂಟ್ಸ್ ಕೆಲಸ ಮುಗಿಸಿ, ಊಟದ ಡಬ್ಬಿ ಹಿಡಿದು ರಸ್ತೆ ದಾಟುವ ತಾಯಿಯು ಯಾವ ಪಂದ್ಯಕ್ಕೂ ಒಪ್ಪಿದವಳಲ್ಲ. ಹಾಗೆಂದು ಕೋಪವು ನ್ಯಾಯವಾಗದು. 2024ರ ಆಗಸ್ಟಿನಲ್ಲಿ ಇದೇ ಹೆದ್ದಾರಿಯಲ್ಲಿ, ನೆಲಮಂಗಲದ ಬಳಿ, ಚಕ್ರವೆತ್ತಿ ಓಡಿಸುತ್ತಿದ್ದವರ ಎರಡು ಸ್ಕೂಟರುಗಳನ್ನು ಜನರು ಕಸಿದು ಮೇಲ್ಸೇತುವೆಯಿಂದ ಕೆಳಗೆಸೆದರು. ಕೆಳಗೆ ಯಾರಾದರೂ ಇದ್ದಿದ್ದರೆ? ಅಪಾಯವನ್ನು ದೂಷಿಸಿದವರೇ ಅಪಾಯಕಾರಿಗಳಾದರು.

ಶರಣರು ಅರಿವು ಆಚಾರಗಳೆರಡನ್ನೂ ಬಯಸಿದರು. ಇಷ್ಟಲಿಂಗವನ್ನು ಧರಿಸಿದ ಕಾಯವನ್ನು ಹಗುರವಾಗಿ ಎಣಿಸಲಿಲ್ಲ. ಆದುದರಿಂದ ಆ ತರುಣನಿಗೆ ನನ್ನ ಉತ್ತರವಿಷ್ಟು: ಅಪ್ಪಾ, ನಿನ್ನ ಒಪ್ಪಿಗೆ ನಿನ್ನ ತಲೆಗೆ ಮಾತ್ರ ಸಲ್ಲುವುದು. ಆ ತಾಯಿಯ ಪರವಾಗಿ ಒಪ್ಪಲು ನೀನಾರು? ನಿನ್ನನ್ನು ಹೆತ್ತವಳ ಪರವಾಗಿ ಒಪ್ಪಲು ನೀನಾರು? ಇನ್ನು ನಾವು ಹಿರಿಯರು ಪರರತ್ತ ಬೆರಳೆತ್ತುವ ಮುನ್ನ, ಮಗನ ಕೈಗೆ ವಾಹನದ ಕೀಲಿಯನ್ನಿತ್ತವರಾರೆಂದು ಕೇಳಿಕೊಳ್ಳೋಣ.