ಕೇಳದಿದ್ದರೆ ಹೇಳಬೇಕೆ?

ಮದ್ದೂರಿನಲ್ಲಿ ನನ್ನ ನಾದಿನಿಯದೊಂದು ಸಣ್ಣ ಬೆಲ್ಲದಂಗಡಿ. ಆಕೆ ಊರಿಗೆ ಹೋದಾಗ ಮಂಡ್ಯದಿಂದ ಹೋಗಿ ಗಲ್ಲಾದ ಮುಂದೆ ಕೂರುವವಳು ನಾನು. ಅಂಥದೊಂದು ದಿನ ವಯಸ್ಸಾದ ಹೆಂಗಸೊಬ್ಬರು ಬಂದು, "ಮಗಳು ಬಾಣಂತಿ ಕಣಮ್ಮ, ಒಳ್ಳೇದು ನೋಡಿ ಕೊಡಿ" ಎಂದು ಚಿನ್ನದ ಬಣ್ಣದ ಅಚ್ಚುಗಳತ್ತ ಕೈ ತೋರಿಸಿದರು. ಎರಡು ಕೆ.ಜಿ. ತೂಗಿ ಕೊಟ್ಟೆ. ಹಿಂದಿನ ಚೀಲದಲ್ಲಿ ಕಪ್ಪು ಬೆಲ್ಲವೂ ಇತ್ತು. ನಾನು ಬಾಯಿ ಬಿಡಲಿಲ್ಲ.

ಗೊತ್ತಿಲ್ಲದೆ ಸುಮ್ಮನಿದ್ದವಳಲ್ಲ. ನನ್ನ ತವರು ಮಳವಳ್ಳಿ ಕಡೆಯ ಹಳ್ಳಿ. ಅಜ್ಜನ ಆಲೆಮನೆಯ ಹೊಗೆಯಲ್ಲೇ ಬೆಳೆದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆಗಿಡದ ಲೋಳೆ ಬಿಟ್ಟು, ಮೇಲೆದ್ದ ಕೊಳೆಯನ್ನು ತೆಗೆಯುತ್ತಿದ್ದರು. ಬೆಲ್ಲ ಕಂದಾಗಿರುತ್ತಿತ್ತು. ಈಗ ಬಣ್ಣ ತಿಳಿಯಾಗಲೆಂದು ಹಲವು ಕಡೆ 'ಹೈಡ್ರೋಸ್' ಹಾಕುತ್ತಾರೆ, ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ಪುಡಿ. ಹೆಚ್ಚಾದರೆ ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ. ಆ ಬಣ್ಣವೇ ಬೇಕೆನ್ನುವವರು ನಾವು ಗೃಹಿಣಿಯರೇ ಅನ್ನಿ!

ನಾದಿನಿಗೆ ಹೇಳಿಕೊಂಡೆ. "ಕೇಳಿದ್ರೆ ಸುಳ್ಳು ಹೇಳಲ್ಲ ಅತ್ತಿಗೆ. ಕೇಳ್ದೆ ಇದ್ರೆ ನಾವಾಗೇ ಯಾಕೆ ಹೇಳ್ಬೇಕು?" ಎಂದಳು.

ಇದೇ ಮಾತನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಗ್ರೀಕ್ ತತ್ತ್ವಜ್ಞಾನಿಯೊಬ್ಬ ಆಡಿದ್ದನೆಂದು ತಿಳಿದದ್ದು ಮಗಳು ತಂದ ಪುಸ್ತಕದಿಂದ. ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಬರೆದಿಟ್ಟ ಪ್ರಸಂಗ. ರೋಡ್ಸ್ ದ್ವೀಪದಲ್ಲಿ ಬರಗಾಲ. ಅಲೆಕ್ಸಾಂಡ್ರಿಯಾದಿಂದ ಧಾನ್ಯ ತಂದ ವ್ಯಾಪಾರಿ, ಹಿಂದೆಯೇ ಬೇರೆ ಹಡಗುಗಳೂ ಬರುತ್ತಿರುವುದನ್ನು ದಾರಿಯಲ್ಲಿ ಕಂಡಿದ್ದಾನೆ. ಅದನ್ನು ಹೇಳಿ ಬೆಲೆ ಇಳಿಸಿಕೊಳ್ಳಬೇಕೆ, ಸುಮ್ಮನಿದ್ದು ಮಾರಬೇಕೆ? ಬ್ಯಾಬಿಲೋನಿನ ಡಯೋಜನೀಸ್ (ಪೀಪಾಯಿಯಲ್ಲಿ ವಾಸವಿದ್ದವನಲ್ಲ, ಬೇರೆಯವನು) ಸುಮ್ಮನಿರಬಹುದೆಂದ. ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ; ಕಾನೂನು ಹೇಳೆಂದ ದೋಷವನ್ನಷ್ಟೇ ಹೇಳಿದರೆ ಸಾಕು. ಅವನ ಶಿಷ್ಯ ಆಂಟಿಪಾಟರ್ ಒಪ್ಪಲಿಲ್ಲ. ಮಾರುವವನಿಗೆ ತಿಳಿದದ್ದೆಲ್ಲ ಕೊಳ್ಳುವವನಿಗೂ ತಿಳಿಯಬೇಕು ಎಂದ.

ಡಯೋಜನೀಸನನ್ನು ತಳ್ಳಿಹಾಕುವುದು ಸುಲಭವಲ್ಲ. ಹೆದ್ದಾರಿಯ ಮೇಲೆ ಹತ್ತು ಅಂಗಡಿಗಳಿರುವಾಗ ನಾದಿನಿ ತನ್ನ ಸರಕಿನ ಐಬನ್ನು ತಾನೇ ಸಾರಿದರೆ ಬಾಡಿಗೆ ಯಾರು ಕಟ್ಟುತ್ತಾರೆ? ರಾತ್ರಿಯೆಲ್ಲ ಅವಳ ಪರವಾಗಿಯೇ ವಾದಿಸಿಕೊಂಡೆ. ಬೆಳಗಿನ ಜಾವ ನೆನಪಾಯಿತು: ಆ ತಾಯಿ ಕೇಳದೆ ಇರಲಿಲ್ಲ. "ಒಳ್ಳೇದು ನೋಡಿ ಕೊಡಿ" ಎಂದಿದ್ದರು. ನಮ್ಮ ಕಡೆ ಕೇಳುವುದೆಂದರೆ ಅಷ್ಟೇ ಅಲ್ಲವೇ? ಗ್ರೀಕರ ಡಯೋಜನೀಸನಿಗಿದ್ದ ಸಂದು ನನಗೆ ಉಳಿದಿರಲಿಲ್ಲ.

ಮುಂದಿನ ಸಲ ಕೂತಾಗ ಮೊದಲು ಬಂದ ಹೆಂಗಸಿಗೆ ಎಲ್ಲವನ್ನೂ ಹೇಳಿದೆ. ಆಕೆ ಕೇಳಿಸಿಕೊಂಡು ಕಪ್ಪು ಬೆಲ್ಲ ಅರ್ಧ ಕೆ.ಜಿ. ಕೊಂಡರು. "ನೆಂಟ್ರು ಬರ್ತಾವ್ರೆ, ಪಾಯ್ಸ ಕಪ್ಪಗಾಗ್ಬಾರ್ದು" ಎಂದು ಹಳದಿಯದೂ ಒಂದು ಕೆ.ಜಿ. ಕೇಳಿದರು. ತೂಗಿ ಕೊಟ್ಟೆ.